ನಾನು ಹರಿದಿಟ್ಟ ಆರು ಹಾಳೆ

ಮೊನ್ನೆ ಕೊಟ್ಟೂರಿನಲ್ಲಿ ಗೆಳತಿಯ ಮನೆಯಂಗಳದಲ್ಲಿ ಬೀಜದ ಶೇಂಗಾ ಸುಲಿಯುತ್ತಿದ್ದರು. ನೀರು ಚಿಮುಕಿಸಿದ ಸಿಪ್ಪೆಯ ಆ ಮಣ್ಣುವಾಸನೆ ಮೂಗಿಗೆ ಬಡಿದದ್ದೇ ತಡ, ಹೊಸಹಳ್ಳಿಯ ನಮ್ಮ ಪಕ್ಕದ ಮನೆ ದೊಡ್ಡವ್ವ ನೆನಪಾದಳು. ಜೊತೆಗೆ ಹಳೆಯ ಹೊಟ್ಟೆಕಿಚ್ಚೂ ಎದ್ದು ಕೂತಿತು.

ದೊಡ್ಡವ್ವನಿಗೆ ಓದು ಬರುತ್ತಿರಲಿಲ್ಲ. ನಾನಾಗ ಒಂಬತ್ತನೇ ಕ್ಲಾಸು. ನನಗೆ ಜೀವದಂತಿದ್ದ ಕಾದಂಬರಿಯೊಂದನ್ನು ರಜೆಯಲ್ಲಿ ದಿನಾ ಬೆಳಿಗ್ಗೆ ಅವಳಿಗೆ ಓದಿ ಹೇಳುತ್ತಿದ್ದೆ. ಗಂಡನ ಮನೆಯಿಂದ ಹೊರಬಿದ್ದು ತವರಿನ ದಾರಿ ಹಿಡಿದ ಹುಡುಗಿಯ ಕತೆ. ಮಧ್ಯಾಹ್ನ ಓಣಿಯ ಹೆಂಗಸರು ಶೇಂಗಾ ಸುಲಿಯಲು ಸೇರಿದಾಗ ದೊಡ್ಡವ್ವ ಅದನ್ನೇ ಅವರಿಗೆ ಹೇಳುತ್ತಿದ್ದಳು. ಉಪ್ಪು ಖಾರ ಹಚ್ಚಿ, ಹುಡುಗಿಯ ಕೈಗೊಂದು ಬುತ್ತಿಗಂಟೂ ಕೊಟ್ಟು... ಪುಸ್ತಕದಲ್ಲಿ ಬುತ್ತಿಯೇ ಇರಲಿಲ್ಲ! ಆದರೂ ಎಲ್ಲರೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಓದಿದರೆ ಆಕಳಿಸುತ್ತಿದ್ದವರೂ ಇವರೇ. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಗಿತ್ತು. ನನಗೆ ಉಂಡದ್ದು ಮೈಗೆ ಹತ್ತಲಿಲ್ಲ.

ತಡೆಯಲಾರದೆ ಒಂದು ದಿನ ಕೊನೆಯ ಆರು ಹಾಳೆ ಹರಿದು ಬಚ್ಚಿಟ್ಟೆ. ಅದರಲ್ಲಿ ಆ ಹುಡುಗಿ ಹೊಳೆಗೆ ಬಿದ್ದು ಸಾಯುತ್ತಾಳೆ. ಅಷ್ಟಾದರೂ ನನಗೊಬ್ಬಳಿಗೇ ಗೊತ್ತಿರಲಿ ಎಂಬ ಹಟ.

"ದೊಡ್ಡವ್ವಾ, ಕಡೀ ಹಾಳಿ ಇಲಿ ತಿಂದಾವ," ಎಂದೆ.

ಅವಳು ಪುಸ್ತಕ ಇಸಿದುಕೊಂಡು ಹರಿದ ಅಂಚಿನ ಮೇಲೆ ಬೆರಳಾಡಿಸಿದಳು. "ಇರ್ಲಿ ಬಿಡವ್ವ. ಪಾಪ, ಹುಡುಗಿ ಇನ್ನಾ ದಾರ್ಯಾಗ ಅದಾಳ. ನಾನ ಮನಿ ಮುಟ್ಟಿಸ್ತೀನಿ. ಮಧ್ಯಾಹ್ನ ನೀನೂ ಬಾ."

ನಾನು ಹೋಗಲಿಲ್ಲ. ಗೋಡೆಯಾಚೆ ಹೆಂಗಸರು ನಕ್ಕದ್ದು ಕೇಳಿಸಿತು, ಆಮೇಲೆ ಯಾರೋ ಬಿಕ್ಕಿದ್ದು... ಕಿವಿಗೆ ದಿಂಬು ಒತ್ತಿಕೊಂಡು ಮಲಗಿದೆ.

ದೊಡ್ಡವ್ವ ತೀರಿಕೊಂಡು ಬಹಳ ವರ್ಷವಾಯಿತು. ಹಾಳೆ ಹರಿದವಳು ನಾನೇ ಎಂದು ಅವಳಿಗೆ ಹೇಳಲೇ ಇಲ್ಲ. ಮೆಚ್ಚಿನ ಪುಸ್ತಕ ಯಾವುದೆಂದು ಯಾರೇ ಕೇಳಲಿ, ಇಂದಿಗೂ ಅದನ್ನೇ ಹೇಳುತ್ತೇನೆ. ಹೊಸ ಪ್ರತಿ ಕೊಂಡಿದ್ದೇನೆ. ಆದರೆ ಹುಡುಗಿ ಹೊಳೆಯ ಹತ್ತಿರ ಬರುತ್ತಲೇ ಮುಚ್ಚಿಬಿಡುತ್ತೇನೆ.

ಕೊಟ್ಟೂರಿನಿಂದ ಬಂದ ಮರುದಿನವೇ ಹೊಸಹಳ್ಳಿಗೆ ಹೋದೆ. ಅಂದು ಕತೆ ಕೇಳಿದವರಲ್ಲಿ ಒಬ್ಬಳೇ ಉಳಿದಿದ್ದಾಳೆ, ಹಣ್ಣುಹಣ್ಣು ಮುದುಕಿ.

"ಅಜ್ಜೀ, ಆ ಹುಡುಗೀನ ದೊಡ್ಡವ್ವ ಹೆಂಗ ಮನಿ ಮುಟ್ಟಿಸಿದ್ಲು?"

"ಅಯ್ಯ, ಅದೆಲ್ಲ ಎಲ್ಲಿ ನೆಪ್ಪೈತವ್ವ! ಮುಟ್ಟಿದ್ಲು. ಅವತ್ತು ಭಾಳ ಅತ್ವಿ, ಭಾಳ ನಕ್ವಿ."

ಆ ಮುದುಕಿಯ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಮರೆಯಲಿಕ್ಕಾದರೂ ಅವಳು ಕೇಳಿದ್ದಳಲ್ಲ.