ತಲೆ ಚಪ್ಪಟೆಯಾದ ಮೋಡ

1936ರಲ್ಲಿ ನಾನು ಮದ್ದೂರಿನಲ್ಲಿ ಸರ್ಕಾರಿ ಮಿಡ್‌ವೈಫ್. ಹೆರಿಗೆ ಮಾಡಿಸುವವಳಿಗೆ ಮೋಡದ ಉಸಾಬರಿ ಯಾಕೆಂದು ನಗಬೇಡಿ. ನನ್ನ ಪಾಲಿನ ಅರ್ಧ ಹಳ್ಳಿಗಳು ಶಿಂಷಾ ಹೊಳೆಯ ಆಚೆ ದಡದಲ್ಲಿದ್ದವು. ನೀರು ಮೊಣಕಾಲುದ್ದ ಇದ್ದರೆ ದಾಟುವುದು, ಏರಿದರೆ ಬಸುರಿಯನ್ನು ದೇವರಿಗೆ ಬಿಡುವುದು, ಅಷ್ಟೇ. ಅದಕ್ಕೇ ಪಕ್ಕದ ಮನೆಯ ಮೇಷ್ಟರನ್ನು ಕಾಡಿ, ಅವರ ಭೂಗೋಳದ ಪುಸ್ತಕದ ಚಿತ್ರ ನೋಡಿ ಮೋಡ ಕಲಿತೆ. ಎತ್ತರದಲ್ಲಿ ಎಳೆಯೆಳೆಯಾಗಿ ನಾರಿನಂತಿರುವುದು ಸಿರಸ್. ಬರೀ ಶೋಕಿ, ಒಂದು ಹನಿ ಉದುರಿಸುವುದಿಲ್ಲ. ಅರಳೆ ಗುಡ್ಡೆ ಹಾಕಿದಂಥದ್ದು ಕ್ಯುಮುಲಸ್. ಅದೇ ಗುಡ್ಡೆ ಬೆಳೆದು ಬೆಳೆದು, ತಲೆ ಕಮ್ಮಾರನ ಅಡೆಗಲ್ಲಿನಂತೆ ಚಪ್ಪಟೆಯಾದರೆ ಕ್ಯುಮುಲೋನಿಂಬಸ್. ಸಿಡಿಲು, ಜಡಿಮಳೆ ಎಲ್ಲ ಅದರ ಹೊಟ್ಟೆಯಲ್ಲೇ. ಕತ್ತೆತ್ತಿಕೊಂಡು ಓಡಾಡಿ ಎಡವಿ ಬಿದ್ದದ್ದೂ ಉಂಟು. ಆದರೆ ನೋಡುತ್ತ ನೋಡುತ್ತ ಅವುಗಳ ಮೇಲೆ ಪ್ರೀತಿಯೇ ಬಂದುಬಿಟ್ಟಿತು, ಸುಳ್ಳು ಯಾಕೆ ಹೇಳಲಿ.

ಆ ವರ್ಷ ದಸರೆ ಕಳೆದ ಮೇಲೆ ಒಂದು ಸಂಜೆ ಬಡಗಲಲ್ಲಿ, ಹೊಳೆ ಹರಿದು ಬರುವ ಕುಣಿಗಲ್ ಕಡೆ, ಅಂಥ ಚಪ್ಪಟೆ ತಲೆಯವು ಸಾಲಾಗಿ ನಿಂತಿದ್ದವು. ಅಂಚೆಲ್ಲ ಬಂಗಾರ. ನೋಡಿ ಹಿಗ್ಗಿದೆ. ಮರುದಿನ ಬೆಳಿಗ್ಗೆ ಆಚೆ ದಡದಿಂದ ಕರೆ ಬಂತು. ಹೋಗಿ ನೋಡಿದರೆ ಪುಟ್ಟತಾಯಿ ಎಂಬ ಹುಡುಗಿಯ ಹೊಟ್ಟೆಯಲ್ಲಿ ಮಗು ಅಡ್ಡವಾಗಿತ್ತು, ಒಂದು ಕೈ ಹೊರಗೆ ಬಂದಿತ್ತು. ಮದ್ದೂರಿನ ಡಾಕ್ಟರಿಲ್ಲದೆ ಆಗದ ಕೆಲಸ. ಮಂಚದ ಮೇಲೆ ಮಲಗಿಸಿ ನಾಲ್ವರು ಹೊಳೆದಂಡೆಗೆ ಹೊತ್ತು ತಂದರು.

ಅಲ್ಲಿ ಅವಳ ಅತ್ತೆ ಕೆಂಪಮ್ಮ ತಡೆದರು. ಬಸುರಿ ಹೊಳೆ ದಾಟುವ ಮುನ್ನ ಗಂಗೆಗೆ ಕುಂಕುಮ ಇಡಬೇಕು, ಇಲ್ಲದಿದ್ದರೆ ಗಂಗಮ್ಮ ಮುನಿಯುತ್ತಾಳೆ. ಅವಸರದಲ್ಲಿ ಕುಂಕುಮದ ಭರಣಿ ಮನೆಯಲ್ಲೇ ಉಳಿದಿತ್ತು. ತರಲು ಮಗನನ್ನು ಅಟ್ಟಿದರು. ಹಿಂದಿನ ಸಂಜೆ ಕುಣಿಗಲ್ ಕಡೆ ಸುರಿದದ್ದೆಲ್ಲ ಇಳಿದು ಬರುವ ಹೊತ್ತು ಅದು. ಮೈಲಿಗಟ್ಟಲೆ ದೂರದ ಸೇತುವೆಗೆ ಸುತ್ತು ಹಾಕೋಣವೆಂದರೆ ಪುಟ್ಟತಾಯಿಗೆ ಅಷ್ಟು ಆಯುಸ್ಸಿರಲಿಲ್ಲ. ಬೇಡಿಕೊಂಡೆ, ಬೈದೆ.

“ತಲೆ ಮ್ಯಾಗೆ ಬಿಸ್ಲು ಸುಡ್ತಾ ಅದೆ. ನೀರು ಎಲ್ಲಿಂದ ಬತ್ತದವ್ವ?” ಎಂದರು ಕೆಂಪಮ್ಮ.

“ಹೊಳೆ ಹುಟ್ಟೋದು ನಿಮ್ಮ ತಲೆ ಮೇಲಲ್ಲ. ಮೇಲ್ಗಡೆ ನಿನ್ನೆ ಸುರಿದಿದೆ, ಮೋಡ ನಾನೇ ಕಂಡಿದ್ದೀನಿ. ಕುಂಕುಮ ನಿಮ್ಮ ಹಣೆ ಮೇಲೇ ಇದೆಯಲ್ಲ.”

ವಿಧವೆಯಾದ ನನ್ನ ಬಾಯಿಂದ ಒಬ್ಬ ಮುತ್ತೈದೆಗೆ ಬರಬಾರದ ಮಾತು. ಅವರು ನನ್ನ ಬೋಳು ಹಣೆಯನ್ನೇ ದಿಟ್ಟಿಸಿದರು. ಅಷ್ಟರಲ್ಲಿ ಪುಟ್ಟತಾಯಿಯ ನರಳಾಟವೂ ನಿಂತಿತ್ತು. ಕೆಂಪಮ್ಮ ತಮ್ಮ ಹಣೆಯ ಕುಂಕುಮ ಒರೆಸಿ ನೀರಿಗೆ ಇಟ್ಟರು.

“ಎತ್ರಲಾ ಮಂಚವ” ಎಂದರು.

ನಾವು ಈಚೆ ದಡ ಹತ್ತಿ ಉಸಿರು ಬಿಡುವಷ್ಟರಲ್ಲಿ ಕೆಂಪು ನೀರು ಕಸಕಡ್ಡಿ ತಳ್ಳಿಕೊಂಡು ಬಂತು. ಭರಣಿ ಹಿಡಿದ ಮಗ ಆಚೆಯೇ ಉಳಿದ.

ಡಾಕ್ಟರು ಪುಟ್ಟತಾಯಿಯನ್ನು ಉಳಿಸಿದರು. ಮಗು ಉಳಿಯಲಿಲ್ಲ. ಕೆಂಪಮ್ಮ ಆಸ್ಪತ್ರೆಯ ಜಗುಲಿಯಲ್ಲಿ ಕುಳಿತು ಕೇಳಿದರು: “ನಾನು ತಡೀದೆ ಇದ್ರೆ ಕೂಸೂ ಉಳೀತಿತ್ತೇನವ್ವ?”

“ಇಲ್ಲ” ಎಂದೆ. ನಿಜವಾಗಿ ನನಗೂ ಗೊತ್ತಿರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಬಡಗಲಲ್ಲಿ ಅಂಥ ಮೋಡ ಕಂಡರೆ, ದಿನ ತುಂಬಿದವರು ಆಚೆ ದಡದಲ್ಲಿ ಇದ್ದಾರೆಂದು ತಿಳಿದಿದ್ದರೆ, ಕರೆ ಬರುವವರೆಗೆ ಕಾಯಲಿಲ್ಲ. ಅದೇ ಸಂಜೆ ಚೀಲ ಹೊತ್ತು ಹೊಳೆ ದಾಟಿ ಅವರ ಮನೆಯ ಜಗುಲಿಯಲ್ಲಿ ಹೋಗಿ ಕೂರುತ್ತಿದ್ದೆ. ಮೋಡದ ಚಂದ ನೋಡಿ ಸುಮ್ಮನೆ ಮನೆಗೆ ಹಿಂದಿರುಗುವ ಪುಣ್ಯ ನನ್ನಂಥ ಕೆಲಸ ಮಾಡುವವರಿಗಿಲ್ಲ.