ಗಾಳಿಯಲ್ಲಿ ಗೇರ್ ಹಾಕುತ್ತಿದ್ದ ಕೆಂಪಣ್ಣ

ಊಟದ ತಟ್ಟೆಯ ಮುಂದೆ ಕೂತಾಗಲೂ ಕೆಂಪಣ್ಣನ ಎಡಗೈ ಗೇರ್ ಹಾಕುತ್ತಿತ್ತು. ಮಾತು ಸಲೀಸಾಗಿ ಸಾಗಿದರೆ ಕೈ ಟಾಪ್ ಗೇರಿನಲ್ಲಿ ತೆಪ್ಪಗಿರುತ್ತಿತ್ತು. ಹೆಂಡತಿ ಜಯಮ್ಮ ಇಕ್ಕಟ್ಟಿನ ಪ್ರಶ್ನೆ ಕೇಳಿದಳೋ, ಗಾಳಿಯಲ್ಲೇ ಸೆಕೆಂಡ್ ಗೇರಿಗೆ ಇಳಿಯುತ್ತಿತ್ತು. ಬಹಳ ವರ್ಷ ಖಾಸಗಿ ಬಸ್ಸು ಓಡಿಸಿ ಬಿಟ್ಟವನು. ಸಾತನೂರಿನಲ್ಲಿ ಟೀಚರಾಗಿದ್ದಾಗ ನಾನು ಅವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಆ ಮನುಷ್ಯ ಈಗಿಲ್ಲ. ಅವನು ಮಾಡಿದ್ದರಲ್ಲಿ ಅರ್ಧ ನನಗೆ ಆಗಲೂ ಅರ್ಥವಾಗಲಿಲ್ಲ, ಇವತ್ತಿಗೂ ಆಗಿಲ್ಲ.

ಜಯಮ್ಮನಿಗೆ ಒಂದೇ ಆಸೆ: ಊಟಿ ಬೆಟ್ಟದ ಮೇಲೆ ನಿಂತು ಮೋಡ ನೋಡಬೇಕು. "ಹುಟ್ದಾಗಿಂದ ಕತ್ತೆತ್ತೇ ನೋಡ್ಕಂಡ್ ಬಂದಿವ್ನಿ ಮೇಡಮ್ಮೋರೇ, ಒಂದ್ಸಲ ಬಗ್ಗಿ ನೋಡ್ಬೇಕು" ಎನ್ನುತ್ತಿದ್ದಳು. ಆದರೆ ರೇಷ್ಮೆ ಹುಳ ಸಾಕುವ ಮನೆಯವರಿಗೆ ಪುರುಸೊತ್ತು ಎಲ್ಲಿ? ಒಂದು ಬೆಳೆ ಮುಗಿಯುವಷ್ಟರಲ್ಲಿ ಮುಂದಿನ ಮರಿಹುಳ ಮನೆಗೆ ಬಂದಿರುತ್ತಿತ್ತು. ಕೊನೆಗೆ ಕೆಂಪಣ್ಣ ಗುಜರಿಗೆ ಹೋಗಲಿದ್ದ ಮಿನಿಬಸ್ಸೊಂದನ್ನು ತಂದು, ಸೀಟು ಕಿತ್ತು, ಎರಡು ಮಂಚ, ಸ್ಟವ್, ನೀರಿನ ಡ್ರಮ್ಮು ಕೂರಿಸಿ ಮನೆಬಸ್ಸು ಮಾಡಿದ. ಬೇಸಿಗೆ ರಜೆಯಲ್ಲಿ ಹೊರಡುವುದೆಂದು ತೀರ್ಮಾನವಾಯಿತು. ನನ್ನನ್ನೂ ಕರೆದರು.

ಹೊರಡುವ ಬೆಳಿಗ್ಗೆ ಚೀಲ ಹಿಡಿದು ಬಸ್ಸು ಹತ್ತಿದರೆ ಮಂಚಗಳ ಮೇಲೆ ಜಾಗವೇ ಇಲ್ಲ. ಚಂದ್ರಿಕೆ ಎಂಬ ಬಿದಿರಿನ ಅಗಲ ತಟ್ಟಿಗಳು ನಿಂತಿವೆ, ಅವುಗಳ ತುಂಬ ಗೂಡು ಕಟ್ಟಲು ಹಣ್ಣಾದ ಹುಳ. ಆ ಸಲ ಹಣ್ಣಾಗುವುದು ತಡವಾಗಿತ್ತಂತೆ.

"ಇದೇನು ಕೆಂಪಣ್ಣ?"

"ಗೂಡ್ ಕಟ್ಟೋ ಹೊತ್ನಲ್ಲಿ ಯಾರ್ ಕೈಗಾದ್ರೂ ಬುಟ್ಟು ಹೋಗಕ್ಕಾಯ್ತದಾ? ಇರುವೆ, ಹಲ್ಲಿ ಮುಟ್ದಂಗ್ ಕಾಯ್ಬೇಕು. ಇನ್ನೇನ್ ಸೊಪ್ಪು ಕೇಳಲ್ಲ, ಟಿಕೆಟ್ಟೂ ಬ್ಯಾಡ. ಸುಮ್ಕೆ ಕೂತ್ಕಂಡ್ ಬತ್ತವೆ."

ಕೇಳುವಾಗ ಸರಿ ಅನಿಸಿತು. ಮಳವಳ್ಳಿ ದಾಟುವಾಗ ಸರಿಯಲ್ಲ ಅನಿಸಿತು. ಕಿಟಕಿ ಪೂರ್ತಿ ತೆರೆಯುವಂತಿಲ್ಲ, ಸೊಳ್ಳೆಬತ್ತಿ ಹಚ್ಚುವಂತಿಲ್ಲ. ಮಂಚ ಹುಳಗಳಿಗೆ, ನೆಲ ನಮಗೆ. ಪ್ರವಾಸ ಹೊರಟವರು ಯಾರು ಎಂಬುದೇ ನನಗೆ ತಿಳಿಯದಾಯಿತು.

ಊಟಿ ಘಟ್ಟದ ಮೊದಮೊದಲ ತಿರುವಿನಲ್ಲೇ ಬಸ್ಸು ವಾಲಿತು. ಹುಳಗಳು ಪಟಪಟನೆ ಉದುರಿದವು, ಆಗತಾನೇ ಬಿಟ್ಟ ನೂಲು ಹರಿದು ತೇಲಿತು. "ನಿಲ್ಸು, ನಿಲ್ಸು ಅಂತೀನಿ!" ಎಂದು ಕೂಗಿದವಳು ಜಯಮ್ಮನೇ.

ಕೆಂಪಣ್ಣನ ಕೈ ಗೇರಿನ ಮೇಲೆ ನಿಂತಿತು. "ಏನಮ್ಮೀ, ಮೇಲಕ್ ಹೋಗದಾ, ಕೆಳಕ್ ಹೋಗದಾ? ನೀನೇ ಯೋಳು."

ಅವಳು ಮೋಡ ಮುಚ್ಚಿದ ಬೆಟ್ಟವನ್ನೊಮ್ಮೆ ನೋಡಿದಳು, ಬಿದ್ದ ಹುಳಗಳನ್ನೊಮ್ಮೆ ನೋಡಿದಳು. "ಗೂಡ್ ಕಟ್ಕಳ್ಳಿ ಪಾಪ. ಆಮ್ಯಾಕ್ ಹೋಗುವ" ಎಂದಳು.

ಮೆಲ್ಲಗೆ ತಿರುಗಿಸಿ ಇಳಿದು, ಘಟ್ಟದ ಬುಡದ ಟೀ ಅಂಗಡಿಯ ಪಕ್ಕ ಬೀಡು ಬಿಟ್ಟೆವು. ಹುಳಗಳು ತಲೆಯಾಡಿಸುತ್ತ ನೂಲು ಬಿಟ್ಟವು. ಊಟಿಗೆ ಹೋಗುವವರು ಕಾರು ನಿಲ್ಲಿಸಿ ಕಿಟಕಿಯಲ್ಲಿ ಇಣುಕುತ್ತಿದ್ದರು. ಒಬ್ಬರು "ಏನಿದು, ಪ್ರದರ್ಶನವೇ?" ಎಂದು ಕೇಳಿದರು. "ಇಲ್ಲ ಸ್ವಾಮಿ, ನಮ್ಮನೇರು" ಎಂದ ಕೆಂಪಣ್ಣ. ಅವರು ನನ್ನ ಮುಖ ನೋಡಿದರು. ಜಯಮ್ಮ ಮುದ್ದೆ ತಿರುವುತ್ತ ಮೋಡ ನೋಡುತ್ತಿದ್ದಳು, ಕತ್ತೆತ್ತಿಯೇ. ಅವಳನ್ನು ಕಂಡು ಸಂಕಟವಾಗುತ್ತಿತ್ತು, ಅವನ ಮೇಲೆ ಸಿಟ್ಟು ಬರುತ್ತಿತ್ತು. ಆದರೂ ಅಷ್ಟು ನೆಮ್ಮದಿಯ ದಿನಗಳನ್ನು ನಾನು ಆಮೇಲೆ ಕಂಡಿಲ್ಲ. ಯಾಕೆಂದು ಕೇಳಿದರೆ ಗೊತ್ತಿಲ್ಲ.

ಗೂಡುಗಳು ಗಟ್ಟಿಯಾದವು, ಚಂದ್ರಿಕೆಯಿಂದ ಬಿಡಿಸಿದ್ದೂ ಆಯಿತು. ಇನ್ನಾದರೂ ಬೆಟ್ಟ ಹತ್ತುತ್ತೇವೆ ಎಂದುಕೊಂಡೆ. ತಡ ಮಾಡಿದರೆ ಚಿಟ್ಟೆ ಗೂಡು ತೂತು ಮಾಡಿ ಹೊರಬರುತ್ತದೆ, ಮೊದಲು ರಾಮನಗರದ ಗೂಡಿನ ಮಾರ್ಕೆಟ್ಟು ಎಂದ ಕೆಂಪಣ್ಣ. ಜಯಮ್ಮನೂ ತಲೆಯಾಡಿಸಿದಳು. ಬಸ್ಸು ಊರ ಕಡೆ ತಿರುಗಿತು. ಮನೆಗೆ ಬಂದ ಮೇಲೆ "ಮುಂದ್ಲ ಬ್ಯಾಸ್ಗೇಲಿ ಖಂಡಿತ" ಎಂದು ಅವಳಿಗೆ ಹೇಳುವಾಗ ಅವನ ಎಡಗೈ ಸೆಕೆಂಡ್ ಗೇರಿನಲ್ಲಿತ್ತು. ಮುಂದಿನ ಬೇಸಿಗೆಗಳಲ್ಲೂ ಮನೆತುಂಬ ಹುಳವಿತ್ತು.

ನನಗೆ ಮಾಗಡಿಗೆ ವರ್ಗವಾಯಿತು. ವರ್ಷಗಳ ಮೇಲೆ, ಕೆಂಪಣ್ಣ ಹಾಸಿಗೆ ಹಿಡಿದ ಸುದ್ದಿ ಕೇಳಿ ನೋಡಲು ಹೋದೆ. ನನ್ನ ಗುರುತು ಅವನಿಗೆ ಹತ್ತಲಿಲ್ಲ. ಎಡಗೈ ಮಾತ್ರ ಹಾಸಿಗೆಯ ಅಂಚಿನಲ್ಲಿ ಏನನ್ನೋ ತಡಕುತ್ತಿತ್ತು.

"ಅಮ್ಮೀ, ಹುಳ ಗೂಡ್ ಕಟ್ಟಾಯ್ತಾ?"

ಅವರು ಹುಳ ಸಾಕುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಜಯಮ್ಮ ಆ ಕೈಯನ್ನು ಹಿಡಿದು ಮೆಲ್ಲಗೆ ಮುಂದಕ್ಕೆ ತಳ್ಳಿದಳು. "ಎಲ್ಲಾ ಕಟ್ಟಾಯ್ತು. ಇನ್ನು ಮೇಲಕ್ ತೆಗಿ ಗಾಡಿಯ."

ಕೈ ಫಸ್ಟ್ ಗೇರಿಗೆ ಬಿತ್ತು. ಕೆಂಪಣ್ಣ ಕೇಳಿದ, "ಮ್ವಾಡ ಕಾಣ್ತದಾ?"

ಜಯಮ್ಮ ಅವನ ಮುಖದ ಮೇಲೆ ಬಾಗಿದ್ದಳು.

"ಕಾಣ್ತದೆ" ಎಂದಳು. "ಬಗ್ಗಿ ನೋಡ್ತಾ ಇವ್ನಿ."