ಶೇಖಸಾಬನ ಬಿಳಿ ಕರವಸ್ತ್ರ

ಹುಲಿಗೆ ಅಂಜದವನು ಹೊಗೆಗೆ ಅಂಜುವುದನ್ನು ನೋಡಬೇಕಾದರೆ, ಅಡರಕಟ್ಟಿಯಿಂದ ಲಕ್ಷ್ಮೇಶ್ವರಕ್ಕೆ ಶಾಲೆಯ ಬಸ್ಸು ಓಡಿಸುವ ಶೇಖಸಾಬನನ್ನು ನೋಡಬೇಕು. ಅವನ ಬಸ್ಸು ಹೊರಟರೆ ಹಿಂದೆ ಬರುವ ಎತ್ತುಗಳು ಅದರ ಹೊಗೆಯನ್ನು ಮಳೆಮೋಡವೆಂದು ತಿಳಿದು ಮನೆಯತ್ತ ತಿರುಗುತ್ತವೆಂದು ಊರವರ ನಗೆಚಾಟಿಕೆ. ಉಳಿದ ಡ್ರೈವರುಗಳು ಮಕ್ಕಳ ತಲೆ ಎಣಿಸಿದರೆ ಇವನು ಕೆಮ್ಮು ಎಣಿಸುತ್ತಾನೆ. ಮೂರಾದರೆ ಬಸ್ಸು ನಿಲ್ಲಿಸಿ ಹಿಂದಿರುಗಿ ನೋಡುತ್ತಾನೆ. ಕೆಮ್ಮಿದವರನ್ನೆಲ್ಲ "ಬಾ ಲೇ ಮುಂದ, ಕಿಟಕಿ ಬಾಜೂ ಕುಂಡ್ರು" ಎಂದು ಕರೆದು ಕರೆದು, ಈಗ ಮುಂದಿನ ಸೀಟಿನಲ್ಲಿ ಆರು ಮಂದಿ, ಹಿಂದಿನವು ಖಾಲಿ. ಹೊಗೆ ಕಾರುವ ಶಾಲಾ ಬಸ್ಸುಗಳ ಬದಲು ಹೊಸವನ್ನು ಕೊಳ್ಳಲು ಸರ್ಕಾರ ಹಣ ಕೊಡುತ್ತದೆಂಬ ಖಬರು ಬಂದಾಗ ಅವನು ಬಾಳೆಹೊಸೂರತನಕ ಪೇಢೆ ಹಂಚಿದ್ದ. ಆದರೆ ಬಸ್ಸಿನ ಹೊಗೆ ಅಳೆಯುವ ತಪಾಸಣೆಯ ದಿನ ಮುಂಜಾನೆ, ಮನೆಗೆ ಬೀಗರು ಬರುವರೇನೋ ಎಂಬಂತೆ, ಹದಿನೆಂಟು ವರ್ಷದ ರೂಢಿಯ ಕೈ ಇಂಜಿನ್ನನ್ನು ತಿಕ್ಕಿ ತೊಳೆದು ಫಿಲ್ಟರನ್ನೂ ಬದಲಿಸಿಬಿಟ್ಟಿತು. ಅಧಿಕಾರಿ ಮೀಟರು ನೋಡಿ, "ಹೊಗಿ ಕಡಿಮಿ ಐತಿ. ಗಾಡಿ ಪಾಸ್. ಹೊಸಾದು ಸಿಗಂಗಿಲ್ಲ" ಎಂದರು. ಬುತ್ತಿ ತಂದಿದ್ದ ಹೆಂಡತಿ ರಸೂಲಬಿ ಹಣೆ ಬಡಿದುಕೊಂಡು, "ಹೊಲಸ ಇದ್ರನ ರೊಕ್ಕ ಕೊಡತಾರ, ನೀವು ಅದನ್ನ ಮದಲಗಿತ್ತಿ ಹಾಂಗ ಸಿಂಗಾರ ಮಾಡೀರಲ್ರೀ!" ಎಂದಳು. ಎಂಟು ದಿನಕ್ಕೆ ಹೊಗೆ ಮರಳುತ್ತದೆಂದು ಶೇಖಸಾಬನಿಗೆ ಗೊತ್ತು. ರಸೂಲಬಿಗೂ ತೋರಿಸದೆ ಜೇಬಿನಲ್ಲಿ ಮಡಚಿಟ್ಟುಕೊಂಡಿದ್ದ ಬಿಳಿ ಕರವಸ್ತ್ರವನ್ನು ಅಧಿಕಾರಿಯ ಮುಂದೆ ಬಿಡಿಸಿದ. ನಿನ್ನೆ ಬಸ್ಸಿನಿಂದ ಇಳಿದ ಮೊಮ್ಮಗಳು ರುಹಿಯ ಮೂಗು ಒರೆಸಿದ್ದು. ನಟ್ಟನಡುವೆ ಇದ್ದಿಲಿನಂಥ ಕಪ್ಪು. "ಗಾಡಿ ಪಾಸ್ ಆತ್ರಿ ಸಾಹೇಬ್ರ. ಇದನ್ನೂ ಒಂದೀಟು ನೋಡ್ರಿ."